ಲಿನಕ್ಸ್ ಐ2ಸಿ ಕಂಟ್ರೋಲರ್ ಡ್ರೈವರ್: ಟ್ರಾನ್ಸ್‌ಫರ್ ಸ್ಟೇಟಸ್ ತಪ್ಪಿಲ್ಲದೆ ವಾಪಸ್ ಕೊಡುವುದು ಹೇಗೆ

ಬೋರ್ಡ್ ಬೂಟ್ ಆಗುತ್ತದೆ, ತಾಪಮಾನದ ಸೆನ್ಸರ್ ಓದಲು ಬರುತ್ತದೆ, ಆದರೆ ಟಚ್‌ಸ್ಕ್ರೀನ್ ಪ್ರೋಬ್ ಆಗುವಾಗ (ಅದರ ಡ್ರೈವರ್ ಚಿಪ್ ಹುಡುಕಿ ಶುರುವಾಗುವಾಗ) ಮಾತ್ರ -5 ಎಂಬ ಎರರ್ ಕೊಟ್ಟು ಬಿದ್ದುಹೋಗುತ್ತದೆ. ಲಾಜಿಕ್ ಅನಲೈಸರ್ ಹಾಕಿ ನೋಡಿದರೆ ಐ2ಸಿ (ಚಿಪ್‌ಗಳು ಮಾತನಾಡುವ ಎರಡು ತಂತಿಯ ಬಸ್) ತಂತಿಯ ಮೇಲೆ ಎಲ್ಲ ಬೈಟ್‌ಗೂ ಆ್ಯಕ್ (‘ಸಿಕ್ಕಿತು’ ಎಂಬ ಉತ್ತರ) ಬಂದಿದೆ, ಕೊನೆಯಲ್ಲಿ ಸ್ಟಾಪ್ ಕೂಡ ಇದೆ. ಆಗ ಪುಲ್‌ಅಪ್ ರೆಸಿಸ್ಟರ್ ಬದಲಿಸುತ್ತ ಕೂತರೆ ದಿನ ಹಾಳು. ಇಂಥ ಕಡೆ ತಂತಿಯ ಮೇಲೆ ನಡೆದದ್ದು ಒಂದು, ಕಂಟ್ರೋಲರ್ ಡ್ರೈವರ್ ಮೇಲಕ್ಕೆ ಹೇಳಿದ್ದು ಇನ್ನೊಂದು.

ಡ್ರೈವರ್ ವಾಪಸ್ ಕೊಡುವ ಆ ಒಂದು ಸಂಖ್ಯೆಯನ್ನು ನಂಬಿಯೇ ಮೇಲಿನ ಡ್ರೈವರ್ ಮತ್ತೆ ಪ್ರಯತ್ನಿಸಬೇಕೋ, ಕೈಬಿಡಬೇಕೋ, ಓದಿದ ಡೇಟಾ ನಂಬಬೇಕೋ ಎಂದು ತೀರ್ಮಾನಿಸುತ್ತದೆ. ಇಲ್ಲಿರುವುದು ಲಿನಕ್ಸ್‌ಗೆ ಐ2ಸಿ ಕಂಟ್ರೋಲರ್ ಡ್ರೈವರ್ ಬರೆಯುವವರಿಗೆ, ಅಥವಾ ಬೇರೆಯವರು ಬರೆದದ್ದನ್ನು ರಿಪೇರಿ ಮಾಡುವವರಿಗೆ. ಸಿ ಭಾಷೆ ಮತ್ತು ಕರ್ನಲ್ ಬಿಲ್ಡ್ ಗೊತ್ತಿದೆ ಎಂದುಕೊಂಡೇ ಮುಂದೆ ಹೋಗೋಣ.

## ಕೈಗೆ ಬೇಕಾದ ಸಾಮಾನು

ಕಂಟ್ರೋಲರ್‌ನ ಡೇಟಾಶೀಟ್ ಬೇಕೇ ಬೇಕು, ಅದರಲ್ಲೂ ಸ್ಟೇಟಸ್ ರಿಜಿಸ್ಟರ್‌ನ ಪುಟ. ಪ್ರತಿ ಬಿಟ್ ಯಾವಾಗ ಏಳುತ್ತದೆ, ಓದಿದರೆ ಅಳಿಯುತ್ತದೋ ಅಥವಾ 1 ಬರೆದರೆ ಅಳಿಯುತ್ತದೋ ಎಂಬುದನ್ನು ಮೊದಲೇ ಗುರುತು ಮಾಡಿಟ್ಟುಕೊಳ್ಳಿ.

ಪರೀಕ್ಷೆಗೆ ಡಿಎಸ್3231 ಗಡಿಯಾರದ ಅಗ್ಗದ ಚಿಕ್ಕ ಬೋರ್ಡ್ ಸಾಕು. ಅದರಲ್ಲಿ ಗಡಿಯಾರ ಹೆಕ್ಸ್ 68ರಲ್ಲಿರುತ್ತದೆ. ಜೊತೆಗೆ ಸಾಮಾನ್ಯವಾಗಿ 24ಸಿ32 ಇಇಪ್ರಾಮ್ ಒಂದು ಹೆಕ್ಸ್ 57ರಲ್ಲಿ ಸಿಗುತ್ತದೆ. ಪವರ್ 3.3 ವೋಲ್ಟ್‌ನಿಂದಲೇ ಕೊಡಿ. ಈ ಬೋರ್ಡ್‌ನ ಪುಲ್‌ಅಪ್‌ಗಳು ಅದರ ಸ್ವಂತ ಪವರ್ ಪಿನ್‌ಗೆ ಕಟ್ಟಿರುತ್ತವೆ, 5 ವೋಲ್ಟ್ ಕೊಟ್ಟರೆ ಅದೇ 5 ವೋಲ್ಟ್ ನಿಮ್ಮ ಪ್ರೊಸೆಸರ್ ಪಿನ್‌ಗೂ ಹೋಗುತ್ತದೆ.

ಎಂಟು ಚಾನೆಲ್‌ನ ಸಾಧಾರಣ ಯುಎಸ್‌ಬಿ ಲಾಜಿಕ್ ಅನಲೈಸರ್ ಸಾಕು. 400 ಕಿಲೋಹರ್ಟ್ಸ್ ಬಸ್‌ಗೆ ಸೆಕೆಂಡಿಗೆ ಕನಿಷ್ಠ 40 ಲಕ್ಷ ಸ್ಯಾಂಪಲ್ ಇಡಿ. ಕರ್ನಲ್‌ನಲ್ಲಿ ಎಫ್‌ಟ್ರೇಸ್ ಮತ್ತು ಡಿಬಗ್‌ಎಫ್‌ಎಸ್, ಯೂಸರ್ ಕಡೆ ಐ2ಸಿ ಟೂಲ್ಸ್ ಪ್ಯಾಕೇಜ್ ಇರಲಿ.

## ಹಂತ 1: ಯಶಸ್ಸಿನ ಸಂಖ್ಯೆ ಸರಿಮಾಡಿ

ಐ2ಸಿ ಕೋರ್ ನಿಮ್ಮ ‘ಎಕ್ಸ್‌ಫರ್’ ಫಂಕ್ಷನ್‌ಗೆ ಮೆಸೇಜ್‌ಗಳ ಪಟ್ಟಿಯನ್ನೂ ಅದರಲ್ಲಿ ಎಷ್ಟಿವೆ ಎಂಬ ಸಂಖ್ಯೆಯನ್ನೂ ಕೊಡುತ್ತದೆ. ಹಳೆಯ ಕರ್ನಲ್‌ಗಳಲ್ಲಿ ಇದೇ ಫಂಕ್ಷನ್‌ನ ಹೆಸರು ‘ಮಾಸ್ಟರ್ ಎಕ್ಸ್‌ಫರ್’. ಎಲ್ಲ ಮೆಸೇಜ್‌ಗಳೂ ಮುಗಿದರೆ ಅದೇ ಸಂಖ್ಯೆಯನ್ನು ವಾಪಸ್ ಕೊಡಬೇಕು. ಸೊನ್ನೆಯಲ್ಲ, ಬೈಟ್‌ಗಳ ಎಣಿಕೆಯೂ ಅಲ್ಲ.

ಕರ್ನಲ್‌ನ ಬಹುಪಾಲು ಫಂಕ್ಷನ್‌ಗಳಲ್ಲಿ ಸೊನ್ನೆಯೇ ಯಶಸ್ಸು, ಹಾಗಾಗಿ ಕೈ ತಾನಾಗಿ ಸೊನ್ನೆ ಬರೆಯುತ್ತದೆ. ಸಾಲದೆಂಬಂತೆ ಅದೇ ಸ್ಟ್ರಕ್ಚರ್‌ನಲ್ಲಿರುವ ‘ಎಸ್‌ಎಂಬಸ್ ಎಕ್ಸ್‌ಫರ್’ (ಎಸ್‌ಎಂಬಸ್ ಎಂದರೆ ಐ2ಸಿ ಮೇಲೆ ಕಟ್ಟಿದ ನಿಯಮಗಳ ಗುಂಪು) ಗೆದ್ದರೆ ಸೊನ್ನೆಯನ್ನೇ ಕೊಡಬೇಕು. ಅಕ್ಕಪಕ್ಕದ ಎರಡು ಫಂಕ್ಷನ್‌ಗಳಿಗೆ ಎರಡು ನಿಯಮ. ಯಾರು ಮಾಡಿದ್ದೋ, ಈಗ ಬದಲಿಸುವ ಹಾಗಿಲ್ಲ.

ತಪ್ಪು ಸಂಖ್ಯೆ ಕೊಟ್ಟರೆ ಏನಾಗುತ್ತದೆ ಎಂಬುದು ಮೇಲಿನವರು ಅದನ್ನು ಹೇಗೆ ನೋಡುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ರೆಜ್‌ಮ್ಯಾಪ್ (ಚಿಪ್‌ನ ರಿಜಿಸ್ಟರ್ ಓದಿ ಬರೆಯುವ ಕರ್ನಲ್ ಲೈಬ್ರರಿ) ಮೂಲಕ ರಿಜಿಸ್ಟರ್ ಓದುವಾಗ ಎರಡು ಮೆಸೇಜ್ ಹೋಗುತ್ತವೆ. ವಾಪಸ್ ಬಂದದ್ದು ಸರಿಯಾಗಿ 2 ಆಗಿರದಿದ್ದರೆ, ನೆಗೆಟಿವ್ ಕೂಡ ಆಗಿರದಿದ್ದರೆ, ರೆಜ್‌ಮ್ಯಾಪ್ ಅದನ್ನು -5 ಮಾಡಿಬಿಡುತ್ತದೆ. ‘ನೆಗೆಟಿವ್ ಅಲ್ಲವಲ್ಲ, ಸಾಕು’ ಎನ್ನುವ ಡ್ರೈವರ್‌ಗಳೂ ಇವೆ, ಅವು ಸೊನ್ನೆ ಬಂದರೂ ನಡೆದುಕೊಂಡು ಹೋಗುತ್ತವೆ. ಸೆನ್ಸರ್ ಓಡಿ ಟಚ್‌ಸ್ಕ್ರೀನ್ ಬೀಳುವುದು ಹೀಗೆ.

ಎರಡು ಮೆಸೇಜ್‌ಗಳಲ್ಲಿ ಮೊದಲನೆಯದು ಹೋಗಿ ಎರಡನೆಯದು ಅರ್ಧಕ್ಕೆ ನಿಂತರೆ? 1 ಕೊಡಬೇಕೋ ಎರರ್ ಕೊಡಬೇಕೋ ಸ್ಪಷ್ಟವಿಲ್ಲ ಎಂದು ಕೋರ್‌ನ ಕೋಡ್‌ನಲ್ಲೇ ಕಾಮೆಂಟ್ ಇದೆ. ಎರರ್ ಕೊಡಿ. 1 ಕೊಟ್ಟರೆ ಏಕೆ ನಿಂತಿತು ಎಂಬ ಸುಳಿವು ಅಲ್ಲೇ ಕಳೆದುಹೋಗುತ್ತದೆ.

ಉದ್ದದ ವಿಷಯವೂ ಇಲ್ಲೇ. ಕಂಟ್ರೋಲರ್ ಒಂದು ಸಲಕ್ಕೆ 255 ಬೈಟ್ ಮಾತ್ರ ಕಳಿಸಬಲ್ಲದಾದರೆ 300 ಬೈಟ್‌ನ ಮೆಸೇಜ್ ಕತ್ತರಿಸಿ ಕಳಿಸಿ ‘ಆಯಿತು’ ಎನ್ನಬೇಡಿ. ಅಡಾಪ್ಟರ್‌ನ (ಕೋರ್ ನಿಮ್ಮ ಕಂಟ್ರೋಲರ್‌ಗೆ ಕೊಡುವ ಹೆಸರು) ‘ಕ್ವರ್ಕ್ಸ್’ ಸ್ಟ್ರಕ್ಚರ್‌ನಲ್ಲಿ ಗರಿಷ್ಠ ಉದ್ದ ಬರೆದಿಡಿ. ಮೀರಿದ ಮೆಸೇಜ್ ಬಂದಾಗ ನಿಮ್ಮ ಫಂಕ್ಷನ್ ಕರೆಯದೆ ಕೋರ್ ತಾನೇ -95 (‘ಇದಕ್ಕೆ ಬೆಂಬಲವಿಲ್ಲ’ ಎಂಬ ಎರರ್) ಕೊಡುತ್ತದೆ. ಸೊನ್ನೆ ಉದ್ದದ ಮೆಸೇಜ್ ಕಳಿಸಲಾಗದ ಕಂಟ್ರೋಲರ್ ಆದರೆ ಅದನ್ನೂ ಅಲ್ಲೇ ಹೇಳಿ, ‘ಫಂಕ್ಷನಾಲಿಟಿ’ ಪಟ್ಟಿಯಿಂದ ಎಸ್‌ಎಂಬಸ್ ಕ್ವಿಕ್ (ಡೇಟಾ ಇಲ್ಲದ, ವಿಳಾಸ ಮಾತ್ರದ ಮೆಸೇಜ್) ತೆಗೆಯಿರಿ. ಇಲ್ಲದಿದ್ದರೆ ಐ2ಸಿಡಿಟೆಕ್ಟ್ (ಯಾವ ವಿಳಾಸದಲ್ಲಿ ಚಿಪ್ ಇದೆ ಎಂದು ಹುಡುಕುವ ಟೂಲ್) ಖಾಲಿ ವಿಳಾಸಗಳಲ್ಲೂ ಚಿಪ್ ತೋರಿಸುವ ಸಾಧ್ಯತೆ ಇದೆ.

## ಹಂತ 2: ‘ಮುಗಿಯಿತು’ ಎನ್ನುವ ಕ್ಷಣ ಯಾವುದು

ಎಫ್‌ಐಎಫ್‌ಒ (ಬೈಟ್‌ಗಳು ಸಾಲಾಗಿ ಕಾಯುವ ಕಂಟ್ರೋಲರ್‌ನ ಬಫರ್) ಖಾಲಿಯಾಯಿತು ಎಂಬ ಇಂಟರಪ್ಟ್ ಬಂದ ಕೂಡಲೇ ಯಶಸ್ಸು ಘೋಷಿಸುವುದು ತುಂಬ ಸಾಮಾನ್ಯವಾದ ತಪ್ಪು. ಎಫ್‌ಐಎಫ್‌ಒದಿಂದ ಹೊರಬಿದ್ದ ಕೊನೆಯ ಬೈಟ್ ಇನ್ನೂ ಶಿಫ್ಟ್ ರಿಜಿಸ್ಟರ್‌ನಲ್ಲಿ ಇರುತ್ತದೆ. ಬೈಟ್ ಒಂದಕ್ಕೆ ಆ್ಯಕ್ ಸೇರಿ 9 ಕ್ಲಾಕ್, ಅಂದರೆ 100 ಕಿಲೋಹರ್ಟ್ಸ್‌ನಲ್ಲಿ 90 ಮೈಕ್ರೋಸೆಕೆಂಡ್. ಆ 90 ಮೈಕ್ರೋಸೆಕೆಂಡಿನ ಕೊನೆಗೆ ಚಿಪ್ ನ್ಯಾಕ್ ಹಾಕಿದರೆ (ಅಂದರೆ ಆ್ಯಕ್ ಕೊಡದಿದ್ದರೆ) ಅದನ್ನು ಕೇಳಲು ನಿಮ್ಮ ಡ್ರೈವರ್ ಅಲ್ಲಿ ಇರುವುದೇ ಇಲ್ಲ.

ಕಾಯಬೇಕಾದದ್ದು ಸ್ಟಾಪ್ ಕಂಡಿತು ಎಂಬ ಬಿಟ್‌ಗೆ. ಕೊನೆಯದಲ್ಲದ ಮೆಸೇಜ್ ಆದರೆ, ಮುಂದಿನ ಸ್ಟಾರ್ಟ್‌ಗೆ ಕಂಟ್ರೋಲರ್ ಸಿದ್ಧ ಎಂದು ಡೇಟಾಶೀಟ್ ಹೇಳುವ ಬಿಟ್‌ಗೆ. ಎಫ್‌ಐಎಫ್‌ಒ ಇಂಟರಪ್ಟ್ ಇರುವುದು ಮುಂದಿನ ಬೈಟ್‌ಗಳನ್ನು ತುಂಬಿಸಲಿಕ್ಕೆ, ಅಷ್ಟೇ.

ಡಿಎಂಎ (ಸಿಪಿಯು ಕೈಹಾಕದೆ ಮೆಮೊರಿಯ ಡೇಟಾ ಸಾಗಿಸುವ ವ್ಯವಸ್ಥೆ) ಬಳಸುವಾಗ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. ಬರೆಯುವ ಕಡೆ ಡಿಎಂಎ ಕಾಲ್‌ಬ್ಯಾಕ್ ಬಂದರೆ ಬೈಟ್‌ಗಳು ಮೆಮೊರಿಯಿಂದ ಎಫ್‌ಐಎಫ್‌ಒಗೆ ಹೋದವು ಎಂದಷ್ಟೇ ಅರ್ಥ, ತಂತಿಯ ಮೇಲೆ ಹೋದವು ಎಂದಲ್ಲ. ಓದುವ ಕಡೆ ಡಿಎಂಎ-ಸೇಫ್ ಬಫರ್ ಪಡೆದಿದ್ದರೆ ಅದನ್ನು ವಾಪಸ್ ಒಪ್ಪಿಸುವ ಹೆಲ್ಪರ್‌ಗೆ ಕೊನೆಯ ಆರ್ಗ್ಯುಮೆಂಟಾಗಿ ‘ಟ್ರಾನ್ಸ್‌ಫರ್ ನಡೆಯಿತೇ’ ಎಂಬ ಟ್ರೂ ಅಥವಾ ಫಾಲ್ಸ್ ಹೋಗುತ್ತದೆ. ಎರರ್ ಆದಾಗಲೂ ಟ್ರೂ ಎಂದು ಕೊಟ್ಟರೆ ಅರ್ಧಂಬರ್ಧ ಡೇಟಾ ಮೇಲಿನವರ ಬಫರ್‌ಗೆ ನಕಲಾಗುತ್ತದೆ.

## ಹಂತ 3: ಇಂಟರಪ್ಟ್ ಹ್ಯಾಂಡ್ಲರ್‌ನಲ್ಲಿ ಕ್ರಮ

ಇಲ್ಲಿ ಸಾಲುಗಳ ಹಿಂದುಮುಂದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಟ್ರಾನ್ಸ್‌ಫರ್ ಶುರು ಮಾಡುವ ಮೊದಲು ಎರರ್ ವೇರಿಯಬಲ್ ಸೊನ್ನೆ ಮಾಡಿ, ಕಂಪ್ಲೀಶನ್ (ಕೆಲಸ ಮುಗಿದ ಸುದ್ದಿಯನ್ನು ಕಾಯುವವರಿಗೆ ತಲುಪಿಸುವ ಕರ್ನಲ್ ಸಾಧನ) ಹೊಸದಾಗಿ ಸಿದ್ಧಪಡಿಸಿ, ಹಿಂದಿನ ಸಲದ ಸ್ಟೇಟಸ್ ಬಿಟ್ ಉಳಿದಿದ್ದರೆ ಅಳಿಸಿ. ಸ್ಟಾರ್ಟ್ ಬಿಟ್ ಬರೆಯುವುದು ಇವೆಲ್ಲ ಆದ ಮೇಲೆ. ಸ್ಟಾರ್ಟ್ ಕೊಟ್ಟ ನಂತರ ಕಂಪ್ಲೀಶನ್ ಸಿದ್ಧಪಡಿಸಿದರೆ, ಇಂಟರಪ್ಟ್ ಆಗಲೇ ಬಂದು ಹೋಗಿದ್ದರೆ, ಆ ಸುದ್ದಿ ಅಳಿಸಿಹೋಗಿ ಕಾರಣವಿಲ್ಲದ ಟೈಮ್‌ಔಟ್ ಕಾಣುತ್ತದೆ. ಲೋಡ್ ಹೆಚ್ಚಿದಾಗ ಮಾತ್ರ, ಸಾವಿರಕ್ಕೊಮ್ಮೆ.

ಹ್ಯಾಂಡ್ಲರ್ ಒಳಗೆ ಸ್ಟೇಟಸ್ ರಿಜಿಸ್ಟರ್ ಒಂದೇ ಸಲ ಓದಿ ಲೋಕಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಿ. ಓದಿದರೆ ಅಳಿಯುವ ರಿಜಿಸ್ಟರ್ ಆದರೆ ಎರಡನೇ ಸಲ ಓದುವಾಗ ನ್ಯಾಕ್ ಬಿಟ್ ಇರುವುದಿಲ್ಲ. ನಂತರ ಮೊದಲು ಎರರ್ ಬಿಟ್‌ಗಳು, ಆಮೇಲೆ ಡೇಟಾ, ಕಟ್ಟಕಡೆಗೆ ‘ಮುಗಿಯಿತು’ ಬಿಟ್. ಅನೇಕ ಕಂಟ್ರೋಲರ್‌ಗಳು ನ್ಯಾಕ್ ಬಂದಾಗ ತಾವೇ ಸ್ಟಾಪ್ ಹಾಕುತ್ತವೆ, ಹಾಗಾಗಿ ನ್ಯಾಕ್ ಮತ್ತು ‘ಮುಗಿಯಿತು’ ಒಂದೇ ಓದಿನಲ್ಲಿ ಒಟ್ಟಿಗೆ ಕಾಣುತ್ತವೆ. ‘ಮುಗಿಯಿತು’ ಬಿಟ್ಟನ್ನು ಮೊದಲು ನೋಡಿ ಹೊರಬಿದ್ದ ಡ್ರೈವರ್ ಆ ನ್ಯಾಕ್ ಅನ್ನು ಯಶಸ್ಸು ಎಂದೇ ಹೇಳುತ್ತದೆ.

ಒಂದು ಟ್ರಾನ್ಸ್‌ಫರ್‌ನಲ್ಲಿ ಎರಡು ಎರರ್ ಬಂದರೆ ಮೊದಲನೆಯದನ್ನೇ ಉಳಿಸಿಕೊಳ್ಳಿ, ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಬಾಲ. ಒಂದು ವಿನಾಯಿತಿ ನೆನಪಿರಲಿ: ಓದುವಾಗ ಕೊನೆಯ ಬೈಟ್‌ಗೆ ನ್ಯಾಕ್ ಹಾಕುವುದು ಮಾಸ್ಟರ್ ತಾನೇ. ಅದು ಎರರ್ ಅಲ್ಲ. ಕೆಲವು ಕಂಟ್ರೋಲರ್‌ಗಳು ಅಲ್ಲೂ ನ್ಯಾಕ್ ಬಿಟ್ ಎತ್ತುತ್ತವೆ.

## ಹಂತ 4: ತಪ್ಪಿಗೆ ತಕ್ಕ ಎರರ್ ಕೋಡ್

ಎಲ್ಲದಕ್ಕೂ -5 ಕೊಟ್ಟು ಕೈತೊಳೆದುಕೊಳ್ಳುವ ಡ್ರೈವರ್‌ಗಳು ಬೇಕಾದಷ್ಟಿವೆ. ಕರ್ನಲ್ ಡಾಕ್ಯುಮೆಂಟೇಶನ್‌ನಲ್ಲಿ ಐ2ಸಿಗೆಂದೇ ಎರರ್ ಕೋಡ್‌ಗಳ ಪಟ್ಟಿ ಇದೆ. ಡಿಮೆಸೆಜ್‌ನಲ್ಲಿ ಕಾಣುವ ಸಂಖ್ಯೆಯ ಸಮೇತ ಮುಖ್ಯವಾದವು ಹೀಗೆ.

-6, ಇಎನ್‌ಎಕ್ಸ್‌ಐಒ. ವಿಳಾಸಕ್ಕೆ ಆ್ಯಕ್ ಬರಲಿಲ್ಲ. ಅಲ್ಲಿ ಚಿಪ್ ಇಲ್ಲ, ಅಥವಾ ಸದ್ಯಕ್ಕೆ ಬಿಡುವಿಲ್ಲ. 24ಸಿ32ಗೆ ಒಂದು ಪುಟ, ಅಂದರೆ 32 ಬೈಟ್ ಬರೆದ ತಕ್ಷಣ ಅದು ಒಳಗೆ ಬರೆದುಕೊಳ್ಳುವ ಕೆಲವು ಮಿಲಿಸೆಕೆಂಡ್ ತನ್ನ ವಿಳಾಸಕ್ಕೇ ಓಗೊಡುವುದಿಲ್ಲ. ಇದು ಕೆಟ್ಟದ್ದಲ್ಲ, ಮಾಮೂಲಿ. ಕರ್ನಲ್‌ನ ಎಟಿ24 ಡ್ರೈವರ್ ಡೀಫಾಲ್ಟ್ ಆಗಿ 25 ಮಿಲಿಸೆಕೆಂಡ್‌ವರೆಗೆ ಮತ್ತೆ ಮತ್ತೆ ಕೇಳುತ್ತದೆ. ನೀವು ಇಲ್ಲಿ ಸುಳ್ಳು ಯಶಸ್ಸು ಕೊಟ್ಟರೆ ಆ ಪುಟದ ಮುಂದಿನ ಪುಟ ಸದ್ದಿಲ್ಲದೆ ಮಾಯ.

-5, ಇಐಒ. ವಿಳಾಸಕ್ಕೆ ಆ್ಯಕ್ ಬಂದು ನಡುವೆ ಡೇಟಾ ಬೈಟ್‌ಗೆ ನ್ಯಾಕ್ ಬಂದರೆ, ಅಥವಾ ಬೇರೆ ಯಾವ ಕೋಡೂ ಹೊಂದದಿದ್ದರೆ ಮಾತ್ರ. ಎರಡೂ ನ್ಯಾಕ್‌ಗೆ ಒಂದೇ ಬಿಟ್ ಇರುವ ಕಂಟ್ರೋಲರ್ ಆದರೆ ಬೈಟ್ ಕೌಂಟರ್ ನೋಡಿ. ಒಂದು ಡೇಟಾ ಬೈಟೂ ಹೋಗಿಲ್ಲದಿದ್ದರೆ -6, ಹೋಗಿದ್ದರೆ -5.

-11, ಇಎಗೇನ್. ಆರ್ಬಿಟ್ರೇಶನ್ (ಇಬ್ಬರು ಮಾಸ್ಟರ್ ಒಟ್ಟಿಗೆ ಶುರುಮಾಡಿದಾಗ ಬಸ್‌ಗಾಗಿ ನಡೆಯುವ ಪೈಪೋಟಿ) ಸೋತಾಗ ಮಾತ್ರ. ಏಕೆಂದರೆ ಕೋರ್ ತಾನಾಗಿ ಮತ್ತೆ ಪ್ರಯತ್ನಿಸುವುದು ಈ ಒಂದೇ ಕೋಡ್‌ಗೆ. ಅದೂ ಅಡಾಪ್ಟರ್‌ನ ‘ರಿಟ್ರೈಸ್’ ಸಂಖ್ಯೆ ಇರುವಷ್ಟು ಸಲ, ಅಡಾಪ್ಟರ್ ಟೈಮ್‌ಔಟ್ ಮೀರುವವರೆಗೆ. ರಿಟ್ರೈಸ್ ನೀವು ತುಂಬಿಸದಿದ್ದರೆ ಸೊನ್ನೆ, ಅಂದರೆ ಮರುಪ್ರಯತ್ನವೇ ಇಲ್ಲ. ನ್ಯಾಕ್‌ಗೂ -11 ಕೊಡುವ ಡ್ರೈವರ್‌ನಲ್ಲಿ ಐ2ಸಿಡಿಟೆಕ್ಟ್ ಪ್ರತಿ ಖಾಲಿ ವಿಳಾಸದ ಮೇಲೂ ಹಲವು ಸಲ ಬಡಿದುಕೊಂಡು ಆಮೆಯಂತೆ ಸಾಗುತ್ತದೆ.

-16, ಇಬ್ಯುಸಿ. ಶುರು ಮಾಡುವ ಮೊದಲೇ ಬಸ್ ಬ್ಯುಸಿ ಇತ್ತು, ಕಾದರೂ ಬಿಡಲಿಲ್ಲ.

-110, ಇಟೈಮ್ಡ್‌ಔಟ್. ಶುರುವಾಯಿತು, ಮುಗಿಯಲಿಲ್ಲ.

-71, ಇಪ್ರೋಟೋ. ಚಿಪ್ ನಿಯಮ ಮುರಿಯಿತು. ಎಸ್‌ಎಂಬಸ್ ಬ್ಲಾಕ್ ರೀಡ್‌ನಲ್ಲಿ ಚಿಪ್ ಕಳಿಸುವ ಮೊದಲ ಬೈಟೇ ಉದ್ದ. ಅದು 32 ಮೀರಿದರೆ ಈ ಕೋಡ್ ಕೊಟ್ಟು ನಿಲ್ಲಿಸಿ. ಪರಿಶೀಲಿಸದೆ ಅಷ್ಟು ಓದಲು ಹೊರಟರೆ ಬಫರ್ ದಾಟಿ ಬರೆಯುತ್ತೀರಿ.

ರಾಸ್ಪ್‌ಬೆರಿ ಪೈ ಬಳಸಿದವರಿಗೆ ನ್ಯಾಕ್ ಎಂದರೆ -121, ಇರಿಮೋಟ್‌ಐಒ ಎಂದೇ ರೂಢಿ. ಅದರ ಹಳೆಯ ಚಿಪ್‌ಗಳ ಡ್ರೈವರ್ ಹಾಗೆ ಕೊಡುತ್ತದೆ, ಡಿಸೈನ್‌ವೇರ್ ಡ್ರೈವರ್ ಕೂಡ. ಅವನ್ನು ನೋಡಿ ನಕಲು ಮಾಡಬೇಡಿ. ಹೊಸ ಡ್ರೈವರ್‌ನಲ್ಲಿ -6 ಬರೆಯಿರಿ.

ಎರರ್ ನಂತರ ಬಸ್ ಬಿಡುವ ರೀತಿಯೂ ಕೋಡ್‌ನೊಂದಿಗೆ ಬದಲಾಗುತ್ತದೆ. ನ್ಯಾಕ್ ಆದರೆ ಸ್ಟಾಪ್ ಕಳಿಸಲೇಬೇಕು, ಇಲ್ಲದಿದ್ದರೆ ಮುಂದಿನ ಟ್ರಾನ್ಸ್‌ಫರ್ -16 ಆಗಿ ಸಾಯುತ್ತದೆ. ಆರ್ಬಿಟ್ರೇಶನ್ ಸೋತಿದ್ದರೆ ಸ್ಟಾಪ್ ಕಳಿಸಕೂಡದು. ಬಸ್ ಈಗ ಇನ್ನೊಬ್ಬರದು, ಅವರ ಮಾತಿನ ನಡುವೆ ಬಾಯಿ ಹಾಕಿದಂತಾಗುತ್ತದೆ.

## ಹಂತ 5: ಟೈಮ್‌ಔಟ್ ಆದಾಗ

ಮೊದಲು ಗಡುವು. 256 ಬೈಟ್ ಮತ್ತು ವಿಳಾಸ ಸೇರಿ 257 ಬೈಟ್, ತಲಾ 9 ಕ್ಲಾಕ್, ಒಟ್ಟು 2313 ಕ್ಲಾಕ್. 100 ಕಿಲೋಹರ್ಟ್ಸ್‌ನಲ್ಲಿ 23 ಮಿಲಿಸೆಕೆಂಡ್ ಚಿಲ್ಲರೆ, 400ರಲ್ಲಿ 6ಕ್ಕೆ ಹತ್ತಿರ. ಚಿಪ್ ಕ್ಲಾಕ್ ಹಿಡಿದಿಟ್ಟುಕೊಂಡರೆ ಅದು ಬೇರೆ. ‘10 ಮಿಲಿಸೆಕೆಂಡ್ ಸಾಕು’ ಎಂದು ಗುಂಡಿಗೆ ಗಟ್ಟಿ ಮಾಡಿಕೊಂಡು ಬರೆದ ಡ್ರೈವರ್ ದೊಡ್ಡ ಮೆಸೇಜ್‌ನಲ್ಲಿ ಮಾತ್ರ ಸೋಲುತ್ತದೆ. ಅಡಾಪ್ಟರ್‌ನ ಟೈಮ್‌ಔಟ್ ಬಳಸಿ. ನೀವು ಏನೂ ಹಾಕದಿದ್ದರೆ ಕೋರ್ ಅದನ್ನು ಒಂದು ಸೆಕೆಂಡ್ ಮಾಡುತ್ತದೆ.

ಗಡುವಿನೊಂದಿಗೆ ಕಂಪ್ಲೀಶನ್‌ಗೆ ಕಾಯುವ ಫಂಕ್ಷನ್ ಟೈಮ್‌ಔಟ್ ಆದರೆ ಸೊನ್ನೆ ಕೊಡುತ್ತದೆ, ಮುಗಿದರೆ ಉಳಿದ ಜಿಫಿಗಳ (ಕರ್ನಲ್‌ನ ಟೈಮರ್ ಟಿಕ್‌ಗಳು) ಸಂಖ್ಯೆ ಕೊಡುತ್ತದೆ. ಇದನ್ನು ‘ರೆಟ್’ ಎಂಬ ವೇರಿಯಬಲ್‌ಗೆ ತುಂಬಿ, ಕೊನೆಯಲ್ಲಿ ಅದನ್ನೇ ವಾಪಸ್ ಕೊಟ್ಟರೆ ಟ್ರೇಸ್‌ನಲ್ಲಿ ಹೀಗೆ ಕಾಣುತ್ತದೆ: ಮೆಸೇಜ್ ಸಂಖ್ಯೆ 2, ವಾಪಸ್ ಬಂದದ್ದು 249. ಸೆಕೆಂಡಿಗೆ 250 ಜಿಫಿ ಇರುವ ಕರ್ನಲ್‌ನಲ್ಲಿ ಒಂದು ಸೆಕೆಂಡ್ ಗಡುವಿನಿಂದ ಉಳಿದದ್ದು ಅದು. ವೇರಿಯಬಲ್‌ಗೆ ‘ಟೈಮ್ ಲೆಫ್ಟ್’ ಎಂದು ಹೆಸರಿಟ್ಟು ಅನ್‌ಸೈನ್ಡ್ ಲಾಂಗ್ ಮಾಡಿ. ಹೆಸರು ಬೇರೆಯಾದರೆ ಕಣ್ಣಿಗೆ ಬೀಳುತ್ತದೆ. ಸಿಗ್ನಲ್ ಬಂದರೆ ಎಚ್ಚರಗೊಳ್ಳುವ ಬಗೆಯ ಕಾಯುವಿಕೆ ಬೇಡ. ಯಾರೋ ಕಂಟ್ರೋಲ್-ಸಿ ಒತ್ತಿದ್ದಕ್ಕೆ ಟ್ರಾನ್ಸ್‌ಫರ್ ನಡುದಾರಿಯಲ್ಲಿ ನಿಂತು ಚಿಪ್ ಎಸ್‌ಡಿಎ (ಡೇಟಾ ತಂತಿ) ಹಿಡಿದುಕೊಂಡು ಕೂರುತ್ತದೆ.

ಟೈಮ್‌ಔಟ್ ಆದ ಕೂಡಲೇ -110 ಕೊಟ್ಟು ಓಡಬೇಡಿ. ಮೆಸೇಜ್‌ನ ಬಫರ್ ಮೇಲಿನವರದು, ನೀವು ವಾಪಸಾದ ಮರುಕ್ಷಣ ಅವರು ಅದನ್ನು ಫ್ರೀ ಮಾಡಬಹುದು. ತಡವಾಗಿ ಬಂದ ಇಂಟರಪ್ಟ್ ಆ ಬಫರ್‌ಗೆ ಬೈಟ್ ಬರೆದರೆ ಕರ್ನಲ್ ಮೆಮೊರಿ ಕೆಡುತ್ತದೆ, ಕ್ರ್ಯಾಶ್ ಮಾತ್ರ ಸಂಬಂಧವೇ ಇಲ್ಲದ ಇನ್ನೆಲ್ಲೋ ಆಗುತ್ತದೆ. ಕ್ರಮ ಹೀಗಿರಲಿ:

1. ಕಂಟ್ರೋಲರ್‌ನ ಇಂಟರಪ್ಟ್‌ಗಳನ್ನು ಮಾಸ್ಕ್ ಮಾಡಿ.
2. ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಸಿಂಕ್ರೊನೈಸ್ ಮಾಡಿ.
3. ಕಂಪ್ಲೀಶನ್ ಇನ್ನೊಮ್ಮೆ ನೋಡಿ. ಇಂಟರಪ್ಟ್ ಕೊಂಚ ತಡವಾಗಿ ಬಂದು ಕೆಲಸ ಮುಗಿಸಿರಬಹುದು. ಟೆಗ್ರಾ ಡ್ರೈವರ್ ಹೀಗೆಯೇ ಮಾಡುತ್ತದೆ.
4. ನಿಜಕ್ಕೂ ಮುಗಿದಿಲ್ಲವಾದರೆ ಡಿಎಂಎ ನಿಲ್ಲಿಸಿ, ಕಂಟ್ರೋಲರ್ ರೀಸೆಟ್ ಮಾಡಿ, ಬಫರ್ ಪಾಯಿಂಟರ್ ನಲ್ ಮಾಡಿ.
5. ಆಮೇಲೆ -110. ಹ್ಯಾಂಡ್ಲರ್ ಆಗಲೇ ನ್ಯಾಕ್ ದಾಖಲಿಸಿ ಸ್ಟಾಪ್‌ಗಾಗಿ ಕಾಯುತ್ತಿದ್ದರೆ ಆ ನ್ಯಾಕ್‌ನ ಕೋಡೇ ಹೋಗಲಿ.

## ಹಂತ 6: ಬಸ್ ಬಿಡಿಸುವುದು

ಎಸ್‌ಡಿಎ ಕೆಳಗೇ ಅಂಟಿಕೊಂಡಿದ್ದರೆ ಮಾತ್ರ ರಿಕವರಿ. ಕೋರ್‌ನ ಹೆಲ್ಪರ್ 9 ಕ್ಲಾಕ್‌ವರೆಗೆ ಕೊಟ್ಟು ಚಿಪ್ ಕೈಬಿಡುತ್ತದೋ ನೋಡುತ್ತದೆ. ಪ್ರತಿ ಟೈಮ್‌ಔಟ್‌ಗೂ, ಪ್ರತಿ ನ್ಯಾಕ್‌ಗೂ ಇದನ್ನು ಕರೆಯುವುದು ಸೊಳ್ಳೆಗೆ ಕೊಡಲಿ ಎತ್ತಿದ ಹಾಗೆ. ರಿಕವರಿ ಗೆದ್ದರೂ ಹಿಂದಿನ ಟ್ರಾನ್ಸ್‌ಫರ್ ಗೆದ್ದಂತಲ್ಲ, ರಿಕವರಿಯ ಸೊನ್ನೆಯನ್ನು ಮೂಲ ಎರರ್ ಮೇಲೆ ಬರೆದುಬಿಡಬೇಡಿ.

## ಹಂತ 7: ಹೊರಬೀಳುವ ದಾರಿ

ಮೂಲ ಎರರ್ ಮೇಲೆ ಬರೆದುಬಿಡುವ ಇದೇ ತಪ್ಪು ರನ್‌ಟೈಮ್ ಪಿಎಂನಲ್ಲೂ (ಕೆಲಸವಿಲ್ಲದಾಗ ಕಂಟ್ರೋಲರ್ ಮಲಗಿಸುವ ವ್ಯವಸ್ಥೆ) ಆಗುತ್ತದೆ. ಟ್ರಾನ್ಸ್‌ಫರ್‌ನ ಫಲಿತಾಂಶ ‘ರೆಟ್’ನಲ್ಲಿದೆ, ಹೊರಹೋಗುವಾಗ ಆಟೋಸಸ್ಪೆಂಡ್ ಕರೆದ ಫಲಿತಾಂಶವನ್ನೂ ಅದಕ್ಕೇ ತುಂಬಿದರೆ ಹಿಂದಿನದು ಹೋಯಿತು. ಆ ಕರೆಯ ಫಲಿತಾಂಶ ಬೇಡವೇ ಬೇಡ. ಆದರೆ ಶುರುವಿನಲ್ಲಿ ಎಚ್ಚರಿಸುವ ಕರೆ ಸೋತರೆ ಆ ಎರರ್ ವಾಪಸ್ ಕೊಡಲೇಬೇಕು. ಕ್ಲಾಕ್ ಇಲ್ಲದ ಕಂಟ್ರೋಲರ್‌ನ ರಿಜಿಸ್ಟರ್ ಮುಟ್ಟಿದರೆ ಕೆಲವು ಚಿಪ್‌ಗಳಲ್ಲಿ ಇಡೀ ಸಿಸ್ಟಮ್ ಹೆಪ್ಪುಗಟ್ಟುತ್ತದೆ.

ನ್ಯಾಕ್‌ಗೆ ಎರರ್ ಮಟ್ಟದ ಲಾಗ್ ಬೇಡ, ಡಿಬಗ್ ಮಟ್ಟ ಸಾಕು. ಐ2ಸಿಡಿಟೆಕ್ಟ್ ಒಮ್ಮೆ ಓಡಿಸಿದರೆ ನೂರಕ್ಕೂ ಹೆಚ್ಚು ಖಾಲಿ ವಿಳಾಸಗಳಿಗೆ ಅಷ್ಟೇ ಸಾಲು ಡಿಮೆಸೆಜ್‌ಗೆ ಸುರಿಯುತ್ತದೆ, ನಿಜವಾದ ತಪ್ಪು ಅದರಡಿ ಹೂತುಹೋಗುತ್ತದೆ.

## ಹಂತ 8: ಪರೀಕ್ಷೆ

ಮೊದಲು ಟ್ರೇಸ್. ಟ್ರೇಸಿಂಗ್ ಡೈರೆಕ್ಟರಿಯ ಈವೆಂಟ್‌ಗಳಲ್ಲಿ ಐ2ಸಿ ಗುಂಪನ್ನು ಆನ್ ಮಾಡಿದರೆ ಪ್ರತಿ ಟ್ರಾನ್ಸ್‌ಫರ್‌ನ ಕೊನೆಗೆ ‘ರಿಸಲ್ಟ್’ ಸಾಲು ಬರುತ್ತದೆ. ಅದರಲ್ಲಿ ಮೆಸೇಜ್ ಸಂಖ್ಯೆ ಮತ್ತು ನಿಮ್ಮ ಡ್ರೈವರ್ ಕೊಟ್ಟ ಸಂಖ್ಯೆ ಅಕ್ಕಪಕ್ಕ ಇರುತ್ತವೆ. ಎರಡೂ ಒಂದೇ ಆಗಿರಬೇಕು, ಇಲ್ಲವೇ ಎರಡನೆಯದು ನೆಗೆಟಿವ್ ಆಗಿರಬೇಕು. ಬೇರೆ ಏನೇ ಕಂಡರೂ ಹಂತ 1ಕ್ಕೆ ಅಥವಾ 5ಕ್ಕೆ ವಾಪಸ್ ಹೋಗಿ.

ನಂತರ ಖಾಲಿ ವಿಳಾಸದಿಂದ ಒಂದು ಬೈಟ್ ಓದಿ, -6 ಬರಬೇಕು. ಇಇಪ್ರಾಮ್‌ಗೆ 32 ಬೈಟ್ ಬರೆದು ಬಿಡುವು ಕೊಡದೆ ಮತ್ತೆ ಓದಿ, ಮೊದಲ ಕೆಲವು ಪ್ರಯತ್ನ -6, ಆಮೇಲೆ 2. ಮೊದಲ ಓದಿಗೇ 2 ಬಂದು ಡೇಟಾ ಎಲ್ಲ ಹೆಕ್ಸ್ ಎಫ್‌ಎಫ್ ಆಗಿದ್ದರೆ ನ್ಯಾಕ್ ಎಲ್ಲೋ ನುಂಗಿಹೋಗಿದೆ. ಅದೇ ಕ್ಷಣವನ್ನು ಅನಲೈಸರ್‌ನಲ್ಲಿ ಹಿಡಿದು ಟ್ರೇಸ್ ಪಕ್ಕ ಇಟ್ಟು ನೋಡಿ.

ಕಷ್ಟದ ಎರರ್‌ಗಳಿಗೆ ಐ2ಸಿ-ಜಿಪಿಐಒ ಡ್ರೈವರ್‌ನೊಳಗಿನ ಫಾಲ್ಟ್ ಇಂಜೆಕ್ಟರ್ ಬಳಸಿ. ಎರಡು ಖಾಲಿ ಜಿಪಿಐಒಗಳನ್ನು ಪರೀಕ್ಷೆಯ ಬಸ್‌ನ ಎಸ್‌ಸಿಎಲ್ (ಕ್ಲಾಕ್ ತಂತಿ), ಎಸ್‌ಡಿಎಗೆ ಸೇರಿಸಿದರೆ ಡಿಬಗ್‌ಎಫ್‌ಎಸ್‌ನಲ್ಲಿ ಫೈಲ್‌ಗಳು ಕಾಣುತ್ತವೆ. ಎಸ್‌ಸಿಎಲ್ ಕೆಳಗೆ ಎಳೆದು ಹಿಡಿದಾಗ ಡ್ರೈವರ್ ನೇತಾಡದೆ ಗಡುವಿನೊಳಗೆ ಎರರ್ ಕೊಡಬೇಕು. ವಿಳಾಸವನ್ನು ಅರ್ಧಕ್ಕೆ ಬಿಡುವ ಪರೀಕ್ಷೆಯಲ್ಲಿ ಚಿಪ್ ಎಸ್‌ಡಿಎ ಹಿಡಿದುಕೊಳ್ಳುತ್ತದೆ, ರಿಕವರಿ ನಡೆದು ಮುಂದಿನ ಓದು ಗೆಲ್ಲಬೇಕು. ಆರ್ಬಿಟ್ರೇಶನ್ ಸೋಲಿಸುವ ಪರೀಕ್ಷೆಗೆ 1ರ ಬಿಟ್‌ಗಳು ಹೆಚ್ಚಿರುವ ವಿಳಾಸ ಆರಿಸಿ, ಇಲ್ಲದಿದ್ದರೆ ಘರ್ಷಣೆಯೇ ಆಗುವುದಿಲ್ಲ. ಇಲ್ಲಿ ಡ್ರೈವರ್‌ನಿಂದ -11 ಬರಬೇಕು.

ಪವರ್ ಮ್ಯಾನೇಜ್‌ಮೆಂಟ್ ಚಿಪ್ ಇರುವ ಬಸ್‌ನಲ್ಲಿ ಇಂಜೆಕ್ಟರ್ ಎಂದೂ ಓಡಿಸಬೇಡಿ. ಅದಕ್ಕೆ ಒಂದು ತಪ್ಪು ಬೈಟ್ ಹೋದರೆ ಪ್ರೊಸೆಸರ್‌ನ ವೋಲ್ಟೇಜೇ ಬದಲಾಗಬಹುದು.